ದೀಪ ಹಚ್ಚುವ ಹೊತ್ತಿಗೆ ಒತ್ತಿದ ಗುಂಡಿ

ಪಕ್ಕದ ಮನೆಯ ಫೋನು ‘ಟಿಂಗ್’ ಎಂದರೆ ಸಾಕು, ಗದಿಗೆಮ್ಮನ ಹೊಟ್ಟೆ ಉರಿಯುತ್ತಿತ್ತು.

ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ, ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವಳ ಮನೆ. ಗೋಡೆಗೆ ಗೋಡೆ ಹತ್ತಿಸಿಕೊಂಡು ಭಾಗ್ಯಶ್ರೀಯ ಮನೆ. ಇಬ್ಬರೂ ಯಾದಗಿರಿ ಕಡೆಯವರು. ಇಬ್ಬರ ಗಂಡಂದಿರೂ ಕಟ್ಟಡದ ಕೆಲಸಕ್ಕೆ ಹೋಗುವವರು. ಇಬ್ಬರೂ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುವವರು. ಆಗ ಮಾಧಾಪುರದ ಕಡೆ ಎತ್ತ ನೋಡಿದರೂ ಗಾಜಿನ ಆಫೀಸುಗಳು ಏಳುತ್ತಿದ್ದವು. ಅಲ್ಲಿ ಕಂಪ್ಯೂಟರ್ ಮುಂದೆ ಕೂತ ನಮ್ಮ ಕಡೆಯ ಮಕ್ಕಳಿಗೆ ರೊಟ್ಟಿ ತಿನ್ನಲು ಬರುತ್ತದೆ, ಬಡಿಯಲು ಬರುವುದಿಲ್ಲ. ಹಾಗಾಗಿ ಮನೆ ಅಡುಗೆ ತರಿಸಿಕೊಳ್ಳುವ ಒಂದು ಆಪ್ ಬಂತು. ಫೋನು ಟಿಂಗ್ ಎಂದರೆ ಆರ್ಡರ್ ಬಂದಂತೆ. ಮೋಟಾರ್ ಸೈಕಲ್ಲಿನವನು ಬಂದು ರೊಟ್ಟಿ ಒಯ್ಯುತ್ತಿದ್ದ.

ಗದಿಗೆಮ್ಮನ ರೊಟ್ಟಿಗೆ ಗಲ್ಲಿಯಲ್ಲೇ ಹೆಸರಿತ್ತು. ಆದರೆ ಆರ್ಡರ್ ಒಂದೆರಡು ಹೆಚ್ಚಾಗಿ ಭಾಗ್ಯಶ್ರೀಗೇ ಹೋಗುತ್ತಿತ್ತು.

“ನನ್ನ ರೊಟ್ಟಿ ನೋಡ್ರಿ, ಹೆಂಗ ದುಂಡಗ ತೆಳ್ಳಗ ಅದಾವ. ಆಕಿ ರೊಟ್ಟಿ ಅಂಚಿಗೆಲ್ಲಾ ಸೀಳಿರ್ತಾವ. ಆದ್ರೂ ಆಕಿ ಫೋನ್ ಬಾಯಿ ಮುಚ್ಚಂಗಿಲ್ಲ, ನಂದು ಬಾಯಿ ಬಿಡಂಗಿಲ್ಲ!” ಎಂದು ಗಂಡ ತಾಯಪ್ಪನ ಮುಂದೆ ಗೊಣಗುತ್ತಿದ್ದಳು.

“ಆಕಿ ಫೋನ್ ಕನ್ನಡದಾಗ ಐತಿ. ನಿಂದು ಇಂಗ್ಲಿಷ್‌ದಾಗ ಐತಿ. ದೊಡ್ಡ ಮಂದಿ ಫೋನ್ ಯಾರದು ಹೇಳು?” ಎನ್ನುತ್ತಿದ್ದ ತಾಯಪ್ಪ. ಫೋನಿನ ಅಂಗಡಿಯವನಿಗೆ ಹೇಳಿ ಇಂಗ್ಲಿಷ್ ಹಾಕಿಸಿದವನು ಅವನೇ. ಅದೊಂದು ಹೆಮ್ಮೆ ಅವನಿಗೆ.

ಗದಿಗೆಮ್ಮನಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತಿತ್ತು. ಇಂಗ್ಲಿಷಿನಲ್ಲಿ ಅಂಕಿ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಹಾಗಾದರೆ ಫೋನು ಹೇಗೆ ನಡೆಸುತ್ತಿದ್ದಳು ಅಂತೀರಾ? ಬಣ್ಣ ನೋಡಿ, ಜಾಗ ನೋಡಿ. ಹಸಿರು ಒತ್ತಿದರೆ ಆರ್ಡರ್ ಒಪ್ಪಿದ ಹಾಗೆ. ಮೋಟಾರ್ ಸೈಕಲ್ ಚಿತ್ರ ಕಂಡರೆ ಒಯ್ಯುವವನು ಹೊರಟ ಹಾಗೆ. ಉಳಿದದ್ದು ದೇವರಿಗೆ ಬಿಟ್ಟದ್ದು. ನಮ್ಮಲ್ಲಿ ಎಷ್ಟು ಜನ ಹೀಗೇ ಫೋನು ನಡೆಸುತ್ತಿಲ್ಲ, ಹೇಳಿ!

ಒಂದು ದಿನ ಭಾಗ್ಯಶ್ರೀ ತಾನಾಗಿಯೇ ಕೇಳಿದಳು. “ಅಕ್ಕಾ, ನಿಮ್ಮ ಫೋನಿಗೂ ಕನ್ನಡ ಹಾಕಿ ಕೊಡ್ಲೇನ್ರಿ?”

“ಬ್ಯಾಡವ್ವಾ. ಇಂಗ್ಲಿಷ್ ಬರ್ಲಾರದವ್ರು ಕನ್ನಡ ಇಟ್ಕೋತಾರ.”

“ನನಗ ಬರಂಗಿಲ್ರಿ ಅಕ್ಕಾ, ಅದಕ್ಕ ಇಟ್ಕೊಂಡೀನಿ,” ಎಂದು ಭಾಗ್ಯಶ್ರೀ ನಕ್ಕಳು. ಆ ನಗು ಕಂಡು ಗದಿಗೆಮ್ಮನಿಗೆ ಮೈ ಉರಿಯಿತು. ಬರುವುದಿಲ್ಲ ಅಂತ ಹೇಳಿಕೊಂಡೂ ಇಷ್ಟು ಆರಾಮಾಗಿ ಇದ್ದಾಳಲ್ಲ ಇವಳು!

ಇದರಲ್ಲಿ ಏನೋ ಗುಟ್ಟಿದೆ ಎಂದು ಗದಿಗೆಮ್ಮನಿಗೆ ಅನುಮಾನ. ಒಂದು ಸೋಮವಾರ ಸಂಜೆ, ಅವಳಿಂದ ಇಸಿದುಕೊಂಡಿದ್ದ ಜರಡಿ ಕೊಡುವ ನೆಪದಲ್ಲಿ ಹೋದಳು. ಕೂಗಲಿಲ್ಲ, ಕಿಟಕಿಯಲ್ಲಿ ಇಣುಕಿದಳು. ಒಳಗೆ ಭಾಗ್ಯಶ್ರೀ ದೇವರ ಮುಂದೆ ದೀಪ ಹಚ್ಚಿದಳು. ಕೈ ಮುಗಿದಳು. ಆಮೇಲೆ ಫೋನು ಎತ್ತಿಕೊಂಡು, ಆಪಿನ ಕೆಳಗಿನ ಮೂಲೆಯಲ್ಲಿದ್ದ ದುಂಡನೆಯ ಗುಂಡಿಯನ್ನು ಒತ್ತಿ, ಫೋನನ್ನು ಪಕ್ಕಕ್ಕಿಟ್ಟಳು.

ಸಿಕ್ಕಿತು ಗುಟ್ಟು! ಗದಿಗೆಮ್ಮ ಜರಡಿಯನ್ನೂ ಕೊಡದೆ ಮನೆಗೆ ಓಡಿದಳು. ಅವತ್ತಿನಿಂದ ದಿನಾ ದೀಪ ಹಚ್ಚಿದ ಕೂಡಲೇ ಅದೇ ಮೂಲೆಯ ಅದೇ ಗುಂಡಿ ಒತ್ತತೊಡಗಿದಳು. ಒತ್ತಿ ಫೋನಿಗೂ ಕೈ ಮುಗಿಯುತ್ತಿದ್ದಳು.

ಆರ್ಡರ್ ಹೆಚ್ಚಾಗಲಿಲ್ಲ. ಸಂಜೆಗೆ ಬರುತ್ತಿದ್ದ ಅಷ್ಟಿಷ್ಟೂ ನಿಂತುಹೋಯಿತು. ಪಕ್ಕದ ಮನೆಯಲ್ಲಿ ಮಾತ್ರ ಟಿಂಗ್, ಟಿಂಗ್.

“ನನ್ನ ಆರ್ಡರ್ ಎಲ್ಲಾ ಆಕಿ ಎಳ್ಕೊಳ್ಳಾಕತ್ತಾಳ್ರಿ,” ಎಂದಳು ಗಂಡನಿಗೆ. ಭಾಗ್ಯಶ್ರೀಯ ಜೊತೆ ನೆಟ್ಟಗೆ ಮಾತಾಡುವುದನ್ನೂ ಬಿಟ್ಟಳು.

ಹೀಗಿರುವಾಗ ಏಪ್ರಿಲ್ ಕೊನೆಗೆ, ನಮ್ಮ ಕಡೆಯವರೇ ಆದ ಬಸಲಿಂಗಮ್ಮನವರ ಫೋನು ಬಂತು. ಅವರ ಯಜಮಾನರು ಶಿವಶರಣಪ್ಪನವರದು ಬೇಗಂ ಬಜಾರಿನಲ್ಲಿ ದೊಡ್ಡ ಕಿರಾಣಿ ಅಂಗಡಿ, ಮನೆ ಸಿಕಂದರಾಬಾದಿನಲ್ಲಿ.

“ಗದಿಗೆಮ್ಮಾ, ನಮ್ಮ ಮಗಳು ನಲಿನಿ ಬಸುರಿ ಅದಾಳ, ಆಕಿ ಕುಬಸ ಇಟ್ಕೊಂಡೀವಿ. ಬಯಕಿ ಏನವ್ವಾ ಅಂದ್ರ ಬಿಸಿ ರೊಟ್ಟಿ, ಎಣ್ಣಿಗಾಯಿ ಅಂತಾಳ. ರೊಟ್ಟಿ ನಿಂದ ಆಗ್ಬೇಕು. ಆಪಿನ್ಯಾಗ ಆರ್ಡರ್ ಹಾಕೀನಿ. ತಾರೀಖು ಎಲ್ಲಾ ಅದರಾಗ ಐತಿ, ನೋಡ್ಕೋ.”

ಗದಿಗೆಮ್ಮ ನೋಡಿದಳು. ರೊಟ್ಟಿಯ ಚಿತ್ರ, ಪಕ್ಕದಲ್ಲಿ 05/06 ಎಂಬ ಅಂಕಿ. ಅಂದರೆ ಜೂನ್ ಐದು. ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ ಹಾಳೆ ತೆಗೆದು ನೋಡಿದರೆ ಶುಕ್ರವಾರ! ಸೀಮಂತದ ಉಡಿ ತುಂಬಲು ಶುಕ್ರವಾರಕ್ಕಿಂತ ಒಳ್ಳೆಯ ದಿನ ಬೇಕೆ? ಅನುಮಾನವೇ ಉಳಿಯಲಿಲ್ಲ. ಹಸಿರು ಒತ್ತಿದಳು.

ಬಸುರಿಯ ಬಯಕೆಯ ಊಟಕ್ಕೆ ತನ್ನ ಕೈ ರೊಟ್ಟಿ! ಗಲ್ಲಿಗೆಲ್ಲ ಕೇಳುವ ಹಾಗೆ, ಮುಖ್ಯವಾಗಿ ಭಾಗ್ಯಶ್ರೀಗೆ ಕೇಳುವ ಹಾಗೆ, ನಲ್ಲಿಯ ಹತ್ತಿರ ನಿಂತು ಹೇಳಿದಳು. “ದೊಡ್ಡ ಮನಿ ಕುಬಸಕ್ಕ ನನ್ನ ರೊಟ್ಟಿ ಹೇಳ್ಯಾರವ್ವಾ!”

“ಸಿಕಂದರಾಬಾದ್ ಮನಿದೇನ್ರಿ ಅಕ್ಕಾ? ಹೋಳಿಗಿ ನನಗ ಹೇಳ್ಯಾರ. ನಿಮಗ ಯಾವಾಗ ಬೇಕಂದಾರ್ರಿ?” ಎಂದಳು ಭಾಗ್ಯಶ್ರೀ.

ಇಲ್ಲೂ ಇವಳೇ! ಗದಿಗೆಮ್ಮನ ಖುಷಿಯೆಲ್ಲ ಇಳಿದುಹೋಯಿತು. “ಯಾವಾಗರ ಬೇಕನ್ಲಿ, ನಿನಗ್ಯಾಕ?” ಎಂದು ಕೊಡ ಎತ್ತಿಕೊಂಡು ನಡೆದಳು. ತಾರೀಖು ಒಂದನ್ನು ಬಾಯಿಬಿಟ್ಟು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮೇ ತಿಂಗಳ ಆರನೇ ತಾರೀಖು, ಬುಧವಾರ. ಬೆಳಿಗ್ಗೆಯೇ ಪಕ್ಕದ ಮನೆಯಿಂದ ಬೇಳೆ, ಬೆಲ್ಲ, ಏಲಕ್ಕಿಯ ವಾಸನೆ. ‘ಮತ್ತೊಂದು ಆರ್ಡರ್ ಹಿಡಿದಾಳ,’ ಎಂದು ಗದಿಗೆಮ್ಮ ಹಲ್ಲು ಕಡಿದಳು.

ಗೋಡೆಯ ಆಚೆಯಿಂದ ಭಾಗ್ಯಶ್ರೀ ಕೂಗಿದಳು. “ಅಕ್ಕಾ, ಒಲಿ ಹಚ್ಚಿಲ್ಲೇನ್ರಿ? ರೊಟ್ಟಿ ಯಾವಾಗ ಬಡೀತೀರಿ?”

ಇದು ಹಂಗಿಸುವ ಮಾತು ಎಂದೇ ಗದಿಗೆಮ್ಮ ತಿಳಿದಳು. “ನನ್ನ ಒಲಿ ಚಿಂತಿ ನಿನಗ ಬ್ಯಾಡ!” ಎಂದು ಬಾಗಿಲು ಹಾಕಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಬಸಲಿಂಗಮ್ಮನವರ ಫೋನು. ಹಿಂದೆ ಹೆಂಗಸರ ಗದ್ದಲ, ಬಳೆಯ ಸದ್ದು. “ಗದಿಗೆಮ್ಮಾ, ಹೋಳಿಗಿ ಬಂದ್ವು. ರೊಟ್ಟಿ ಎಲ್ಲಿ? ಉಡಿ ತುಂಬೂದು ಮುಗೀಲಾಕ ಬಂತು!”

“ಅವ್ವಾರ... ಕುಬಸ ಜೂನ್‌ದಾಗ ಅಲ್ರಿ?”

“ಜೂನ್‌ದಾಗ ಕೂಸು ತೊಟ್ಟಿಲದಾಗ ಇರ್ತದ! ಏನ್ ಮಾತಾಡಾಕತ್ತಿ ನೀ?”

ತುಂಬಿದ ಬಸುರಿ ಎಲೆಯ ಮುಂದೆ ಕೂತಿದ್ದಾಳೆ, ಬಯಸಿ ಕೇಳಿದ ರೊಟ್ಟಿ ಇಲ್ಲ. ನಾಳೆ ನಮ್ಮ ಜನದಲ್ಲಿ ಯಾರ ಮನೆಯ ಕಾರ್ಯಕ್ಕೂ ಅವಳನ್ನು ಯಾರೂ ಕರೆಯುವುದಿಲ್ಲ. ಬುಟ್ಟಿಯಲ್ಲಿ ಕಡಕ್ ರೊಟ್ಟಿ ಇದ್ದವು, ಆದರೆ ನಲಿನಿ ಬಯಸಿದ್ದು ಬಿಸಿ ಮೆತ್ತನೆಯ ರೊಟ್ಟಿ. ಒಬ್ಬಳೇ ಬಡಿದರೆ ಊಟದ ಹೊತ್ತು ಮೀರುತ್ತದೆ.

ಅವಳು ಗೋಡೆ ನೋಡಿದಳು. ಗೋಡೆಯ ಆಚೆ ಭಾಗ್ಯಶ್ರೀ ಇದ್ದಾಳೆ. ಬೆಳಿಗ್ಗೆ ಬಾಗಿಲು ಹಾಕಿಕೊಂಡ ಕೈಯಿಂದಲೇ ಹೋಗಿ ಅವಳ ಬಾಗಿಲು ಬಡಿಯಬೇಕು. ಗದಿಗೆಮ್ಮನಿಗೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ಆದರೂ ಹೋಗಿ ಬಡಿದಳು.

“ಭಾಗ್ಯಾ, ಕುಬಸ ಇವತ್ತೇ ಐತಂತವ್ವಾ.”

ಭಾಗ್ಯಶ್ರೀ ‘ನಾನು ಕೇಳಿರಲಿಲ್ಲವೇ’ ಎನ್ನಲಿಲ್ಲ. “ಹಿಟ್ಟು ಈ ಕಡಿ ತರ್ರಿ, ನೀರು ಕಾಯಾಕ ಇಡ್ತೀನಿ,” ಎಂದಳು. ಎದುರು ಮನೆಯ ಉಮಾಬಾಯಿಯನ್ನೂ ಕೂಗಿದಳು. ಉಮಾಬಾಯಿ ನಾದಿದಳು, ಗದಿಗೆಮ್ಮ ಬಡಿದಳು, ಭಾಗ್ಯಶ್ರೀ ಬೇಯಿಸಿದಳು. ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಕಡಕ್ ರೊಟ್ಟಿಯ ಬುಟ್ಟಿಯನ್ನೂ ಹೊತ್ತು, ಗದಿಗೆಮ್ಮ ಮತ್ತು ಭಾಗ್ಯಶ್ರೀ ಆಟೋ ಹಿಡಿದು ಸಿಕಂದರಾಬಾದಿಗೆ ಹೋದರು.

ಬಸಲಿಂಗಮ್ಮನವರ ಮುಖ ಬಿಗಿದಿತ್ತು. ನಲಿನಿ ಹಸಿರು ಸೀರೆ ಉಟ್ಟು, ಕೈತುಂಬಾ ಹಸಿರು ಬಳೆ ತೊಟ್ಟು, ಉಣ್ಣದೆ ಕಾದಿದ್ದಳು. ಬಿಸಿ ರೊಟ್ಟಿಗೆ ಎಣ್ಣೆಗಾಯಿ ಹಚ್ಚಿ ಮೊದಲ ತುತ್ತು ತಿಂದು ಕಣ್ಣು ಮುಚ್ಚಿದಳು. “ಅವ್ವಾ, ಬೈಬ್ಯಾಡ ಅವರಿಗೆ. ರೊಟ್ಟಿ ಭಾಳ ಚಲೋ ಅದಾವ,” ಎಂದಳು.

ಈ ನಲಿನಿ ಮಾಧಾಪುರದ ಆಫೀಸೊಂದರಲ್ಲಿ ಕೆಲಸಕ್ಕಿದ್ದಳು. ಫೋನಿನ, ಕಂಪ್ಯೂಟರಿನ ಪರದೆಯ ಮೇಲಿನ ಮಾತನ್ನು ಕನ್ನಡಕ್ಕೆ, ತೆಲುಗಿಗೆ ತರುವುದು, ತಾರೀಖು, ಹೊತ್ತು, ಅಂಕಿಗಳನ್ನು ನಮ್ಮ ರೂಢಿಗೆ ಹೊಂದಿಸುವುದು ಅವಳ ಕೆಲಸ. ಊಟವಾದ ಮೇಲೆ ಗದಿಗೆಮ್ಮನ ಫೋನು ಕೇಳಿ ಇಸಿದುಕೊಂಡಳು.

“ಇಲ್ಲಿ ನೋಡ್ರಿ ಅಕ್ಕಾರ. ಅಂಗಡಿಯಂವ ಪರದೇಶದ ಇಂಗ್ಲಿಷ್ ಹಾಕ್ಯಾನ. ಆ ದೇಶದಾಗ ತಿಂಗಳು ಮೊದಲ, ದಿನ ಆಮ್ಯಾಲ. ಅದಕ್ಕ ಮೇ ಆರು ಅನ್ನೂದು 05/06 ಅಂತ ಬಂದೈತಿ. ಈಗ ಭಾಗ್ಯಶ್ರೀಯವರ ಫೋನ್ ನೋಡ್ರಿ.”

ಭಾಗ್ಯಶ್ರೀಯ ಫೋನಿನಲ್ಲಿ ‘ಮೇ 6, ಬುಧವಾರ, ಮಧ್ಯಾಹ್ನ’ ಎಂದು ಸ್ಪಷ್ಟವಾಗಿತ್ತು. ಗದಿಗೆಮ್ಮ ಎರಡೂ ಫೋನು ಅಕ್ಕಪಕ್ಕ ಹಿಡಿದು ನೋಡಿದಳು.

“ಕನ್ನಡ ಇಟ್ಕೊಂಡ್ರ ಮಂದಿ ಅಡಾಣಿ, ಓದು ಬರ್ಲಾರದಾಕಿ ಅಂತಾರ್ರಿ,” ಎಂದಳು ಮೆಲ್ಲಗೆ.

“ಹೌದೇನ್ರಿ?” ನಲಿನಿ ನಕ್ಕು ತನ್ನ ಫೋನು ತೋರಿಸಿದಳು. ಅದೂ ಕನ್ನಡದಲ್ಲಿತ್ತು! ಇಂಗ್ಲಿಷ್ ಕಲಿತು ಆಫೀಸಿಗೆ ಹೋಗುವವಳ ಫೋನೂ ಕನ್ನಡದಲ್ಲಿ. ಭಾಗ್ಯಶ್ರೀಗೆ ಇದೆ, ಇವಳಿಗೆ ಇದೆ, ತನಗೊಬ್ಬಳಿಗೇ ಇಲ್ಲ. ಗದಿಗೆಮ್ಮನನ್ನು ಒಪ್ಪಿಸಿದ್ದು ಬುದ್ಧಿಮಾತಲ್ಲ, ಅದೇ ಹಳೆಯ ಹೊಟ್ಟೆಕಿಚ್ಚು.

“ನಂದಕ್ಕೂ ಹಾಕ್ರಿ,” ಎಂದಳು.

ನಲಿನಿ ಸೆಟ್ಟಿಂಗ್ಸಿನ ಹಲ್ಲುಗಾಲಿಯ ಚಿತ್ರ ಒತ್ತಿದಳು, ಭಾಷೆ ಎಂಬಲ್ಲಿಗೆ ಹೋದಳು, ಕನ್ನಡ ಆರಿಸಿದಳು. ಅಷ್ಟೇ. ಗದಿಗೆಮ್ಮ ಆಪ್ ತೆಗೆದು ಒಂದೊಂದೇ ಗಟ್ಟಿಯಾಗಿ ಓದತೊಡಗಿದಳು. ಒಂದು ಕಡೆ ಸಿಡುಕಿದಳು. “ಇದೇನ್ರಿ, ಪೂರ್ವಾಹ್ನ? ಬೆಳಿಗ್ಗೆ ಅಂತ ಬರಿಯಾಕ ಏನ್ ಧಾಡಿ?”

“ಹಿಂಗ ಬೈರಿ ಅಕ್ಕಾರ!” ಎಂದಳು ನಲಿನಿ. “ಇಲ್ಲಿ ‘ಅಭಿಪ್ರಾಯ ತಿಳಿಸಿ’ ಅಂತ ಐತಲ್ಲ, ಅಲ್ಲಿ ಬರದು ಕಳಿಸ್ರಿ. ಬಳಸೂ ಮಂದಿ ಹೇಳಿದ್ರ ತಾನ ನಮ್ಮಂಥವ್ರು ತಿದ್ದೂದು.”

ಗದಿಗೆಮ್ಮ ಓದುತ್ತಾ ಓದುತ್ತಾ ಕೆಳಗಿನ ಮೂಲೆಗೆ ಬಂದಳು. ಆ ದುಂಡನೆಯ ಗುಂಡಿ. ಅದರ ಕೆಳಗಿನ ಅಕ್ಷರ ಓದಿದಳು. ಮತ್ತೊಮ್ಮೆ ಓದಿದಳು.

‘ಇವತ್ತಿಗೆ ಅಡುಗೆಮನೆ ಮುಚ್ಚಿ.’

“ಭಾಗ್ಯಾ, ನೀ ಸಂಜಿಕ ದೀಪ ಹಚ್ಚಿ ಇದನ್ನ ಒತ್ತಿದ್ದಿ. ನಾ ನೋಡೀನಿ.”

“ಸೋಮವಾರ ಅಷ್ಟ ಒತ್ತತೀನ್ರಿ ಅಕ್ಕಾ. ಅವತ್ತು ಒಪ್ಪತ್ತು ಇರ್ತೀನಲ್ಲ, ಸಂಜಿಗೆ ಒಲಿ ಹಚ್ಚಂಗಿಲ್ಲ. ಮರುದಿನ ಬೆಳಿಗ್ಗೆ ಅದು ತಾನ ತೆರೀತದ.”

ಗದಿಗೆಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ನಾ ದಿನಾ ಒತ್ತೀನವ್ವಾ,” ಎಂದಳು. “ಒತ್ತಿ ಕೈ ಮುಗದೀನಿ. ನೀ ನನ್ನ ಆರ್ಡರ್ ಎಳ್ಕೊಳ್ಳಾಕತ್ತಿ ಅಂತ ನಿನಗ ಶಾಪ ಹಾಕೀನಿ. ನನ್ನ ಬಾಗಿಲಾ ನಾನ ಮುಚ್ಚಿ, ಮಂದೀನ ನಿನ್ನ ಬಾಗಿಲಿಗೆ ಕಳಿಸಾಕಿ ನಾನ ಆಗಿದ್ದೆ.”

ಬಿಗಿದುಕೊಂಡಿದ್ದ ಬಸಲಿಂಗಮ್ಮನವರೂ ನಕ್ಕುಬಿಟ್ಟರು. ಭಾಗ್ಯಶ್ರೀ ನಗಲಿಲ್ಲ. ಗದಿಗೆಮ್ಮನ ಕೈ ಹಿಡಿದುಕೊಂಡು, “ಬರ್ರಿ ಅಕ್ಕಾ, ಸಂಜಿ ಆರ್ಡರ್ ಬರೂ ಹೊತ್ತಾತು, ಮನಿಗೆ ಹೋಗೂಣು,” ಎಂದಳು.

ಮನೆಯಲ್ಲಿ ತಾಯಪ್ಪ ಎಲ್ಲ ಕೇಳಿದ. ಅಂಗಿಯ ಜೇಬಿನಿಂದ ತನ್ನ ಫೋನು ತೆಗೆದು ಹೆಂಡತಿಯ ಮುಂದಿಟ್ಟ. “ನಂದಕ್ಕೂ ಕನ್ನಡ ಹಾಕು,” ಎಂದ.

ಗದಿಗೆಮ್ಮ ದೀಪ ಹಚ್ಚಿದಳು. ಕೈ ಮುಗಿದಳು. ಫೋನಿನ ತಂಟೆಗೆ ಹೋಗಲಿಲ್ಲ. ಒಲೆಯ ಮೇಲೆ ಹಂಚು ಇಡುವಷ್ಟರಲ್ಲಿ ಟಿಂಗ್ ಎಂದಿತು.

“ಅಕ್ಕಾ, ನಿಮ್ಮದೋ ನಮ್ಮದೋ?” ಗೋಡೆಯ ಆಚೆಯಿಂದ ಭಾಗ್ಯಶ್ರೀ ಕೂಗಿದಳು.

“ನಂದವ್ವಾ, ನಂದ!” ಎಂದಳು ಗದಿಗೆಮ್ಮ.

ಅವಳ ಹೊಟ್ಟೆಕಿಚ್ಚು ಹೋಯಿತೇ ಅಂತ ಕೇಳಬೇಡಿ. ಭಾಗ್ಯಶ್ರೀಯ ಹೋಳಿಗೆಯ ಮೇಲೆ ಈಗಲೂ ಅವಳಿಗೆ ಒಂದು ಕಣ್ಣಿದೆ. ಆದರೆ ಈಗ ಕಿಟಕಿಯಲ್ಲಿ ಇಣುಕುವುದಿಲ್ಲ, ಬಾಗಿಲು ಬಡಿದು ಕೇಳುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಫೋನು ಕೈಗೆ ತೆಗೆದುಕೊಳ್ಳಿ. ಬಣ್ಣ ನೋಡಿ ಒತ್ತುತ್ತಿದ್ದೀರೋ, ಓದಿ ಒತ್ತುತ್ತಿದ್ದೀರೋ? ಹಲ್ಲುಗಾಲಿಯ ಚಿತ್ರ ಹುಡುಕಿ, ಭಾಷೆ ಎಂಬಲ್ಲಿ ಕನ್ನಡ ಆರಿಸಿ. ತಾರೀಖು ಬರೀ ಅಂಕಿಯಲ್ಲಿದ್ದರೆ ತಿಂಗಳ ಹೆಸರು ಯಾವುದು, ವಾರ ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ಕನ್ನಡ ಇಲ್ಲದ ಆಪ್ ಇದ್ದರೆ ‘ನಮಗೆ ಕನ್ನಡ ಬೇಕು’ ಎಂದು ಅದನ್ನು ಮಾಡಿದವರಿಗೆ ಬರೆಯಿರಿ. ಕನ್ನಡ ಇದ್ದೂ ಬಾಯಿಗೆ ಬಾರದ ಕನ್ನಡವಿದ್ದರೆ ಗದಿಗೆಮ್ಮನ ಹಾಗೆ ಬೈದೇ ಬರೆಯಿರಿ. ಗೊತ್ತಾಗದಿದ್ದರೆ ಪಕ್ಕದ ಮನೆಯವರನ್ನು ಕೇಳಿ, ಅವರ ಮೇಲೆ ಎಷ್ಟೇ ಹೊಟ್ಟೆಕಿಚ್ಚಿದ್ದರೂ ಸರಿ.

ಇವತ್ತು ಸಂಜೆ ದೀಪ ಹಚ್ಚುವ ಮೊದಲೇ ಇಷ್ಟು ಮಾಡಿ. ನಿಮ್ಮ ಅಂಗಡಿಯ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ, ನೀವೇ ಓದಿ ನೋಡಿ.