ಡಿಸ್ಟಿಲ್ಡ್ ನೀರಿನ ವಿಭೂತಿ

ಗುರುಮಲ್ಲಯ್ಯನಿಗೆ ನಲ್ಲಿ ನೀರೆಂದರೆ ಅಸಹ್ಯ. ಚಾಮರಾಜನಗರದ ಆ ಕಾಲೇಜಿನ ಲ್ಯಾಬಿಗೆ ಅಟೆಂಡರಾಗಿ ಬಂದಾಗಿನಿಂದ ಅವನು ವಿಭೂತಿ ತೇಯುತ್ತಿದ್ದುದು ಡಿಸ್ಟಿಲ್ಡ್ ನೀರಿನಲ್ಲೇ. ಕಿಟಕಿಯ ಕಟ್ಟೆಯ ಮೇಲೆ ವಿಭೂತಿ ಗಟ್ಟಿ, ಪಕ್ಕದಲ್ಲೊಂದು ಗಾಜಿನ ಬಟ್ಟಲು. "ಗಂಗೆಗೂ ಮೈಲ್ಗೆ ಅದೆ, ಇದ್ಕಿಲ್ಲ" ಎನ್ನುತ್ತ ಮೂರು ಬೆರಳು ಅದ್ದಿ, ಗಟ್ಟಿಗೆ ಉಜ್ಜಿ, ಹಣೆಗೆ ಅಡ್ಡಲಾಗಿ ಎಳೆದುಕೊಳ್ಳುತ್ತಿದ್ದ.

ಆ ಬಟ್ಟಲನ್ನು ಭಾನು ಮುಟ್ಟುವಂತಿರಲಿಲ್ಲ. ಲ್ಯಾಬಿನ ಉಳಿದ ಗಾಜೆಲ್ಲ ತೊಳೆಯುವವಳು ಅವಳೇ.

ಭೀಮನಬೀಡಿನ ಹುಡುಗಿ, ಹೈಸ್ಕೂಲು ಮುಗಿಸದೆ ಕೆಲಸಕ್ಕೆ ಬಂದವಳು. ರಿಸರ್ಚ್ ಮಾಡುವ ಸಾಗರ್ ಅಲ್ಲಿ ಚೆಂಡುಹೂವಿನ ರಸಕ್ಕೆ ಸಿಲ್ವರ್ ನೈಟ್ರೇಟ್ ಹನಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣ ಮಾಡುತ್ತಿದ್ದ. ಅವನು ಬಿಟ್ಟ ಸೀಸೆಗಳನ್ನು ತೊಳೆದು ತೊಳೆದು ಭಾನುವಿನ ಬೆರಳುಗಳು ಕಪ್ಪಾಗಿದ್ದವು. ನೀರಿನಷ್ಟೇ ತಿಳಿಯಾದ ಮದ್ದು ಆ ಸಿಲ್ವರ್ ನೈಟ್ರೇಟ್. ತಾಗಿದಾಗ ಗೊತ್ತೇ ಆಗುವುದಿಲ್ಲ. ಬಿಸಿಲಿಗೆ ಹೋದಮೇಲೆ ಕಲೆ ಮೇಲೇಳುತ್ತದೆ, ಸೋಪಿಗೆ ಜಗ್ಗುವುದಿಲ್ಲ. ಆ ಚರ್ಮ ಉದುರಿ ಹೊಸದೇ ಬರಬೇಕು. ಗ್ಲೌಸ್ ಕೇಳಿದರೆ ಬೀರುವಿನ ಬೀಗದಕೈ ಇಟ್ಟುಕೊಂಡಿದ್ದ ಗುರುಮಲ್ಲಯ್ಯ ನಗುತ್ತಿದ್ದ.

"ನಿಂಗ್ಯಾಕಮ್ಮಿ ಗ್ಲೌಸು? ಇರೋ ಬಣ್ಣದ ಮೇಲೆ ಇನ್ನೊಸಿ ಬಿದ್ರೆ ಯಾರ್ಗ್ ಕಂಡದು?"

ಅದನ್ನು ಅವಳು ನುಂಗಿಕೊಂಡಿದ್ದಳು. ನುಂಗಲಾಗದ್ದು ಬೇರೆ. ಗುಂಡ್ಲುಪೇಟೆಯಿಂದ ಅವಳಿಗೊಂದು ಗಂಡು ಒಪ್ಪಿಗೆಯಾಗಿತ್ತು. ಹುಡುಗಿ ಹೇಗೆ ಎಂದು ವಿಚಾರಿಸಲು ಗಂಡಿನ ಸೋದರಮಾವ ಲ್ಯಾಬಿಗೇ ಬಂದ. ಗುರುಮಲ್ಲಯ್ಯ ಅವನಿಗೆ ಹೇಳಿದ್ದನ್ನು ಭಾನು ಬಾಗಿಲ ಹಿಂದಿನಿಂದ ಕೇಳಿಸಿಕೊಂಡಳು.

"ಹುಡ್ಗಿ ಒಳ್ಳೇದೇ ಕಣಪ್ಪ. ಕೈ ಮಾತ್ರ ಕೊಳ್ತ ಬಾಳೆಹಣ್ಣಂಗ್ ಅವೆ. ಯಾವ್ ಕಾಯ್ಲೆನೋ, ನಾ ಕೇಳಕ್ಕೋಗಿಲ್ಲ."

ಕಾಯಿಲೆಯಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗಂಡಿನ ಕಡೆಯವರು ಮತ್ತೆ ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ಗುರುಮಲ್ಲಯ್ಯನ ಮಗಳು ನಾಗರತ್ನಳಿಗೆ ಗುಂಡ್ಲುಪೇಟೆಯ ಈರುಳ್ಳಿ ಮಂಡಿಯವರ ಮನೆಯಿಂದ ಸಂಬಂಧ ಕೂಡಿಬಂತು. ಶಕುನ ನೋಡದೆ ಹೊಸಿಲು ದಾಟದ ಜನ. ಅಪ್ಪನಿಗೆ ಬುತ್ತಿ ತಂದಾಗ ಭಾನುವಿನ ಬೆರಳಿಗೆ ಕೊಬ್ಬರಿ ಎಣ್ಣೆ ತಿಕ್ಕಿ ನೋಡಿದ್ದವಳು ನಾಗರತ್ನ ಒಬ್ಬಳೇ. ನಿಶ್ಚಿತಾರ್ಥದ ಬೆಳಿಗ್ಗೆ ಸಿಲ್ವರ್ ನೈಟ್ರೇಟಿನ ಕಂದು ಸೀಸೆಯ ಮುಚ್ಚಳ ತೆಗೆಯುವಾಗ ಭಾನುವಿಗೆ ಅದೂ ನೆನಪಾಯಿತು. ಆದರೂ ಕಿಟಕಿಯ ಬಟ್ಟಲಿಗೆ ಸುರಿದಳು. ನಲ್ಲಿ ನೀರಿಗೆ ಬಿದ್ದಿದ್ದರೆ ಮದ್ದು ಹಾಲಿನಂತೆ ಬೆಳ್ಳಗಾಗಿ ಗುಟ್ಟು ಬಿಟ್ಟುಕೊಡುತ್ತಿತ್ತು. ಗುರುಮಲ್ಲಯ್ಯನ ಶುದ್ಧ ನೀರಿನಲ್ಲಿ ಅದರ ಗುರುತೇ ಸಿಗಲಿಲ್ಲ.

ಬೀಗದಕೈ ಸಾಗರನಿಗೆ ಒಪ್ಪಿಸಲು ಗುರುಮಲ್ಲಯ್ಯ ಹೊಸ ಪಂಚೆಯುಟ್ಟು ಬಂದ. ಶುಭಕಾರ್ಯವೆಂದು ಎಂದಿಗಿಂತ ಗಾಢವಾಗಿಯೇ ವಿಭೂತಿ ಎಳೆದುಕೊಂಡ.

"ಹೆಲ್ಮೆಟ್ ಹಾಕ್ಬೇಡಿ ಅಯ್ನೋರೆ," ಎಂದಳು ಭಾನು. "ಈಬೂತಿ ಅಳ್ಸೋಯ್ತದೆ."

"ಅರೆ, ನಿಂಗೂ ಒಸಿ ಬುದ್ಧಿ ಅದೆ ಕಣಮ್ಮಿ! ಹೋಳ್ಗೆ ಉಳುದ್ರೆ ತತ್ತೀನಿ ಬುಡು."

ಸ್ಕೂಟರ್ ಹತ್ತಿ, ಬರಿತಲೆಯಲ್ಲಿ, ಉರಿಬಿಸಿಲಿನಲ್ಲಿ ಗುಂಡ್ಲುಪೇಟೆಯ ಛತ್ರದ ದಾರಿ ಹಿಡಿದ.

ಮಧ್ಯಾಹ್ನ ಅವಳ ಫೋನ್ ಬಡಿದುಕೊಂಡಿತು.

"ಭಾನು... ಭಾನವ್ವ," ಎಂದ ಗುರುಮಲ್ಲಯ್ಯ. "ಬೂದಿ ಉದುರ್ದಂಗೆಲ್ಲ ಹಣೆ ಕರ್ರಗಾಯ್ತಾ ಅದೆ ಕಣವ್ವ. ಬಟ್ಲಲ್ಲಿ ಮದ್ದೇನಾರ ಉಳ್ಕಂಡಿತ್ತೋ ಏನೋ. ಬೀಗ್ರು ಬಾಗ್ಲಗೇ ಬಂದವ್ರೆ. ಸಾಗರ್ ಸಾರ್‌ಗೆ ಒಸಿ ಫೋನ್ ಕೊಡವ್ವ, ಓದ್ದೋರು ಒಂದ್ ಮಾತೇಳಿದ್ರೆ ನಂಬ್ತಾರೆ."

ಸಾಗರ್ ಎದುರಿನ ಮೇಜಿನಲ್ಲೇ ಕೂತು ಡಬ್ಬಿ ಬಿಚ್ಚುತ್ತಿದ್ದ. ಭಾನು ಅವನಿಗೆ ಬೆನ್ನು ಹಾಕಿ ತೊಟ್ಟಿಯತ್ತ ತಿರುಗಿದಳು.

"ಸಾರ್ ಇಲ್ಲ," ಎಂದಳು ಮೆಲ್ಲಗೆ. "ನಿಂಬೆಹಣ್ಣು, ಉಪ್ಪು ಹಾಕಿ ಚೆನ್ನಾಗಿ ಉಜ್ಜಿ. ಉಜ್ಬುಟ್ಟು ಬಿಸ್ಲಲ್ಲಿ ನಿಂತ್ಕಳಿ. ಬಿಸ್ಲಿಗೇ ಓಗೋದು ಅದು."

ಆ ಕಡೆ ಗುರುಮಲ್ಲಯ್ಯ ಫೋನ್ ಆರಿಸದೆ ಜೇಬಿಗೆ ತುರುಕಿಕೊಂಡ. ಭಾನು ಭುಜ ಎತ್ತಿ ತನ್ನ ಫೋನನ್ನು ಕಿವಿಗೆ ಒತ್ತಿಕೊಂಡು, ಸೀಸೆ ತೊಳೆಯಲು ನಲ್ಲಿ ತಿರುಗಿಸಿದಳು. ಚರಚರ ಉಜ್ಜುವ ಸದ್ದು. "ಉರೀತದೆ, ಶಿವನೇ, ಉರೀತದೆ." ಆಮೇಲೆ ನಾಗರತ್ನ: "ಅಪ್ಪಾಜಿ, ಸಾಕು ಬುಡಿ, ರಕ್ತ ಬತ್ತಾ ಅದೆ." ಆಮೇಲೆ ಒಂದು ದಪ್ಪ ಗಂಟಲು.

"ಏನ್ ಬೀಗ್ರೆ ಅದು, ಹಣೆ ಮೇಲೆ?"

"ಲ್ಯಾಬಿನ ಮದ್ದು ಕಣಿ, ಎಲ್ಲೋ ತಗುಲ್ಬುಡ್ತು."

"ಮದ್ದು ಗೆರೆ ಎಳ್ದಂಗೆ ತಗುಲ್ತಾ? ಈಬೂತಿ ಇದ್ದ ಜಾಗ್ದಗೇ ತಗುಲ್ತಾ? ಯಾರ್ಗೇಳ್ತೀರಿ ಈ ಕತೆಯ? ಈಬೂತಿನೇ ಕರ್ರಗ್ ಮಾಡ್ಬುಟ್ಟವ್ನೆ ಶಿವ. ಈ ಮನೆ ಹೆಣ್ಣು ನಮ್ಗೆ ಬ್ಯಾಡ. ಏಳ್ರಲಾ, ಹೋಗನ."

ಚಪ್ಪಲಿಗಳ ಸದ್ದು. ಕಾರಿನ ಬಾಗಿಲುಗಳು ಒಂದರ ಹಿಂದೊಂದು ಬಡಿದುಕೊಂಡವು.

"ಯಾರಮ್ಮ ಫೋನಲ್ಲಿ?" ಸಾಗರ್ ಅನ್ನ ಕಲಸುತ್ತ ಕೇಳಿದ.

"ಅಯ್ನೋರು ಸಾರ್. ಜೇಬಲ್ಲಿಟ್ಕಂಡು ಮರ್ತವ್ರೆ."

ಆ ಕಡೆ ನಾಗರತ್ನ ಅಳತೊಡಗಿದ್ದಳು. ತೊಟ್ಟಿಯಲ್ಲಿ ನೀರು ಬೀಳುವ ಸದ್ದಿಗೆ ಅದು ಸರಿಯಾಗಿ ಕೇಳಿಸುತ್ತಿರಲಿಲ್ಲ. ಭಾನು ಕೈ ಚಾಚಿ ನಲ್ಲಿ ನಿಲ್ಲಿಸಿದಳು.