ಚಿತ್ರಗಾರರ ಮಾಳಿಗೆಯ ಕುರ್ಚಿ

ನಾನು ತೇಗದ ಕುರ್ಚಿ. ಗದಗಿನ ಹತ್ತಿ ಪೇಟೆಯ ಹಿಂದಿನ ಓಣಿಯಲ್ಲಿ ಒಬ್ಬ ಬಡಿಗ ನನ್ನನ್ನು ಮಾಡಿದ. ನನ್ನ ಕಾಲುಗಳನ್ನು ಮಾಮೂಲಿಗಿಂತ ಎರಡು ಬೆರಳು ಉದ್ದ ಬಿಟ್ಟ. ಅದು ಅವನ ತಪ್ಪಲ್ಲ, ಮಾಡಿಸಿದವರೇ ಹಾಗೆ ಹೇಳಿದ್ದರು. ಊಟಕ್ಕೆ, ಓದಿಗೆ, ಹರಟೆಗೆ ಹುಟ್ಟಿದವಳಲ್ಲ ನಾನು. ಚಿತ್ರ ಬರೆಸಿಕೊಳ್ಳಲು ಬಂದವರು ನನ್ನ ಮೇಲೆ ಕುಳಿತು ಎತ್ತರವಾಗಿ ಕಾಣಬೇಕಿತ್ತು.

ಮಾಡಿಸಿದವರು ಮೌನೇಶ ಚಿತ್ರಗಾರರು. ಕಾಳಿನ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಅವರ ಚಿತ್ರಶಾಲೆ. ನಡುವೆ ಒಂದು ಪರದೆ, ಪರದೆಯಾಚೆ ಸಂಸಾರ. ಸಂಸಾರವೆಂದರೆ ಅವರು ಮತ್ತು ಅವರ ಹೆಂಡತಿ ಗೌರಕ್ಕ, ಇಬ್ಬರೇ.

ಆಗ ಪೇಟೆ ತುಂಬಿ ತುಳುಕುತ್ತಿತ್ತು. ಅರಳೆಯಿಂದ ಬೀಜ ಬಿಡಿಸುವ ಜಿನ್ನುಗಳು ಹಗಲೆಲ್ಲ ಗುಂಯ್‌ಗುಡುತ್ತಿದ್ದವು. ಪ್ರತಿ ದಲಾಲಿ ಅಂಗಡಿಯಲ್ಲೂ ಗಾದಿಯ ಮೇಲುಗಡೆ ಹಿರಿಯರ ಎಣ್ಣೆಬಣ್ಣದ ಚಿತ್ರ ಇರಲೇಬೇಕಿತ್ತು. ಮಗ ಗಾದಿಗೆ ಕೂರುವ ಮೊದಲು ಅಪ್ಪ ಬಂದು ನನ್ನ ಮೇಲೆ ಕೂರುತ್ತಿದ್ದ.

ವ್ಯಾಪಾರಸ್ಥರಿಗೆ ಪುರುಸೊತ್ತು ಕಡಿಮೆ. ಮುಖ ಮುಗಿಯುವಷ್ಟು ಹೊತ್ತು ಕುಳಿತು ಎದ್ದುಬಿಡುವರು. ಮೈ ಬರೆಯಲು ಮೌನೇಶರು ಒಂದು ಕರಿ ಕೋಟು, ಒಂದು ಜರಿ ರುಮಾಲು ಇಟ್ಟುಕೊಂಡಿದ್ದರು. ಅವನ್ನು ಗೌರಕ್ಕನಿಗೆ ತೊಡಿಸಿ ಕೂರಿಸುವರು. ಗದಗಿನ ಅರ್ಧ ಸಾಹುಕಾರರ ಹೆಗಲು, ಎದೆ, ತೊಡೆಯ ಮೇಲಿಟ್ಟ ಕೈ ಎಲ್ಲ ಗೌರಕ್ಕನವೇ. ಗಂಡಸರ ಗತ್ತಿನಲ್ಲಿ ಮೊಣಕಾಲು ಅಗಲಿಸಿ ಕೂರುವುದನ್ನು ಅವಳು ಕಲಿತಿದ್ದಳು. ಒಮ್ಮೆ ಶಿವಪುತ್ರಪ್ಪ ಸಾಹುಕಾರರು ತಮ್ಮ ಚಿತ್ರ ಒಯ್ಯಲು ಬಂದವರು ಅದನ್ನು ನೋಡುತ್ತ ನಿಂತರು.

"ಕೈ ಭಾಳ ಚೆಂದ ಬಂದಾವು ಮೌನೇಶಪ್ಪ. ನನ್ನವು ಹಿಂಗ ಅದಾವೇನು?"

"ದಿನಾ ಎರಡು ಕೊಡ ನೀರು ಹೊತ್ತು ನೋಡ್ರಿ ಸಾಹುಕಾರ್ರ, ಆಗತಾವು" ಎಂದಳು ಗೌರಕ್ಕ ಪರದೆಯಾಚೆಯಿಂದ. ಸಾಹುಕಾರರಿಗೆ ತಿಳಿಯಲಿಲ್ಲ. ಆದರೂ ನಕ್ಕರು.

ಕುರ್ಚಿಗೆ ಭಾರ ಮೊದಲು ತಿಳಿಯುತ್ತದೆ, ಮುಖ ಆಮೇಲೆ. ಗೌರಕ್ಕನ ಭಾರ ನನಗೆ ಬಾಯಿಪಾಠವಾಗಿತ್ತು.

ಆಮೇಲೆ ಪೇಟೆ ಬಿತ್ತು. ಯಾಕೆ ಬಿತ್ತೆಂದು ಮಾಳಿಗೆಗೆ ಬಂದವರು ತಲೆಗೊಂದು ಮಾತು ಹೇಳಿದರು. ನನಗೆ ಗೊತ್ತಾದದ್ದು ಇಷ್ಟೇ: ಜಿನ್ನುಗಳ ಸದ್ದು ಒಂದೊಂದಾಗಿ ನಿಂತಿತು. ಕೆಟ್ಟ ಕಾಲದಲ್ಲಿ ಧಣಿ ಮೊದಲು ಆಳನ್ನು ಬಿಡುತ್ತಾನೆ ಎನ್ನುತ್ತಾರೆ. ಅದಕ್ಕೂ ಮೊದಲು ಅವನು ಬಿಡುವುದು ಚಿತ್ರವನ್ನು. ಅದೂ ನಗುನಗುತ್ತ, ಯಾರಿಗೂ ನೋವಾಗದ ಹಾಗೆ.

"ಮುಖ ಎಲ್ಲಿ ಓಡಿ ಹೋಗತೈತಿ ಮೌನೇಶಪ್ಪ? ಮುಂದಿನ ಸುಗ್ಗಿಗೆ ನೋಡೂಣಂತ."

ಅಂಗಡಿಯವರು ಹಳೆಯ ಬೋರ್ಡನ್ನೇ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡರು. ಕ್ಯಾಲೆಂಡರಿಗೆ ಚಿತ್ರ ಬರೆಸುತ್ತಿದ್ದ ಪ್ರೆಸ್ಸಿನವರೂ ಬರುವುದು ಬಿಟ್ಟರು. ಮೆಟ್ಟಿಲ ಮೇಲೆ ಸಪ್ಪಳವಾದರೆ ಗಂಡ ಹೆಂಡತಿ ಇಬ್ಬರೂ ತಲೆ ಎತ್ತುವರು. ಹೆಜ್ಜೆ ಕೆಳಗಿನ ಅಂಗಡಿಯ ಕಡೆ ತಿರುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಸುಗ್ಗಿಗೆ ಮುಂಚೆ ಎರಡು ಮೂರು ಮೈಗಳನ್ನು ಬರೆದಿಟ್ಟುಕೊಳ್ಳುವುದು ಆ ಕಸುಬಿನಲ್ಲಿ ವಾಡಿಕೆ. ಗಿರಾಕಿ ಬಂದಾಗ ಮುಖವೊಂದನ್ನು ಹಚ್ಚಿದರಾಯಿತು. ಆ ವರ್ಷ ಮೌನೇಶರು ಎರಡು ಮೂರಕ್ಕೆ ನಿಲ್ಲಿಸಲಿಲ್ಲ. ಪೇಟೆ ಎದ್ದ ದಿನ ಎಲ್ಲರೂ ಒಮ್ಮೆಲೇ ಬರುತ್ತಾರೆ, ಆಗ ಕೈ ಸಾಲುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಗೋಡೆಯುದ್ದಕ್ಕೂ ಕೋಟು ತೊಟ್ಟು ರುಮಾಲು ಸುತ್ತಿದ ಮೈಗಳು ನಿಂತವು. ರುಮಾಲಿನ ಕೆಳಗೆ ಬರೀ ಬಿಳಿ ಬಟ್ಟೆ.

"ಮುಖ ಇಲ್ಲದ ಮಂದಿಗೆ ಇನ್ನ ಎಷ್ಟಂತ ಅರಿವಿ ತೊಡಸ್ತೀರಿ?" ಎಂದು ಗೌರಕ್ಕ ಕೇಳಿದಳು.

"ಬರ್ತಾರ. ಬಂದಾಗ ಇಲ್ಲ ಅಂದ್ರ ಇನ್ನೊಬ್ಬನ ಕಡೆ ಹೋಗತಾರ. ಅಲುಗಾಡಬ್ಯಾಡ."

ಅವಳು ಅಲುಗಾಡಲಿಲ್ಲ. ಇದ್ದ ಬದ್ದದ್ದು ಬಣ್ಣಕ್ಕೆ, ಕ್ಯಾನ್ವಾಸಿಗೆ ಹೋಗುತ್ತಿತ್ತು. "ನಂದಾತು, ನೀವು ಉಣ್ರಿ" ಎಂಬ ಮಾತು ಪರದೆಯಾಚೆಯಿಂದ ದಿನವೂ ಕೇಳುತ್ತಿತ್ತು. ಬೆಳಿಗ್ಗೆ ಅವಳು ಬಂದು ಕುಳಿತಾಗ ಆ ಮಾತು ನಿಜವಲ್ಲವೆಂದು ನನಗೆ ಗೊತ್ತಾಗುತ್ತಿತ್ತು. ಹತ್ತನೆಯ ಮೈ ಬರೆಯುವಾಗ ಅವಳು ಹಗುರಾಗಿದ್ದಳು. ಇಪ್ಪತ್ತನೆಯದಕ್ಕೆ ಕೋಟಿಗೇ ಅವಳಿಗಿಂತ ಹೆಚ್ಚು ಭಾರವೇನೋ ಅನ್ನಿಸಿತು. ಗಂಡ ಕುಂಚ ತೊಳೆಯಲು ಎದ್ದು ಹೋದಾಗ ಮಾತ್ರ ರುಮಾಲಿನ ಸೆರಗು ಬಾಯಿಗೊತ್ತಿ ಕೆಮ್ಮುವಳು.

ಮೌನೇಶರು ಹಗಲೆಲ್ಲ ಅವಳನ್ನೇ ನೋಡುತ್ತಿದ್ದರು. ಆದರೆ ನೋಡಿದ್ದು ಕೋಟನ್ನು. ಅದರ ನೆರಿಗೆ, ಗುಂಡಿಯ ಹೊಳಪು, ತೋಳಿನ ನೆರಳು. ಭುಜ ಜೋತುಬಿದ್ದಿದ್ದರೆ, ಸಾಹುಕಾರನ ಭುಜವಲ್ಲವೇ ಎಂದು ತುಂಬಿ ಬರೆದರು. ನಾನು ಕಿರುಗುಟ್ಟಿಯಾದರೂ ಹೇಳಬೇಕೆಂದುಕೊಂಡೆ. ಕಿರುಗುಟ್ಟುವುದಕ್ಕೂ ಮೇಲೆ ಭಾರ ಬೇಕು.

ಇಪ್ಪತ್ತಾರು ಮೈಗಳಾದ ಮೇಲೆ ಒಬ್ಬ ಗಿರಾಕಿ ಬಂದಳು. ಹೆಸರು ಹುಲಿಗೆವ್ವ. ಪೇಟೆಯಲ್ಲಿ ಮೂಟೆ ಹೊರುತ್ತಿದ್ದ ಅವಳ ಗಂಡ ಯಮನೂರಪ್ಪ ತೀರಿಕೊಂಡಿದ್ದ. ಜೊತೆಯ ಹಮಾಲರೆಲ್ಲ ಕೂಡಿ ತಾವು ಕೂರುವ ಕಟ್ಟೆಯಲ್ಲಿ ಅವನ ಚಿತ್ರ ಹಾಕಬೇಕೆಂದಿದ್ದರು. ಅವಳ ಕೈಯಲ್ಲಿ ಉಗುರಗಲದ ಒಂದು ಫೋಟೊ ಇತ್ತು.

ಮೌನೇಶರು ಹುರುಪಿನಿಂದ ಮೈಗಳನ್ನು ತೋರಿಸಿದರು. ಹುಲಿಗೆವ್ವ ಒಂದೊಂದರ ಮುಂದೆಯೂ ನಿಂತು ತಲೆಯಾಡಿಸಿದಳು.

"ನಮ್ಮವ ಕೋಟು ಕಂಡಾವ ಅಲ್ರಿ ಯಪ್ಪಾ. ಇದರಾಗ ಕುಂದರಿಸಿದ್ರ ನಾಚಿ ಎದ್ದು ಹೊಕ್ಕಾನ. ಒಂದು ಬಿಳೇ ಅಂಗಿ, ಹೆಗಲ ಮ್ಯಾಲೆ ಟುವಾಲು. ಅಷ್ಟಿರಲಿ."

ಹುಲಿಗೆವ್ವ ಮೆಟ್ಟಿಲಿಳಿದ ಮೇಲೆ ಗೌರಕ್ಕ ಗಂಡನ ತೆಳು ಅಂಗಿ ತೊಟ್ಟು, ಹೆಗಲಿಗೆ ಟವೆಲ್ಲು ಹಾಕಿಕೊಂಡು ಬಂದು ಕುಳಿತಳು. ಎಷ್ಟೋ ತಿಂಗಳ ನಂತರ ಕೋಟಿಲ್ಲದೆ ಕುಳಿತಿದ್ದಳು. ಮೌನೇಶರು ಇದ್ದಿಲಿನಿಂದ ಹೆಗಲಿನ ಗೆರೆ ಎಳೆಯಲು ಹೋದರು. ಕೈ ಅಲ್ಲೇ ನಿಂತಿತು. ಕೊರಳ ಕೆಳಗಿನ ಎಲುಬು ಅಂಗಿಯನ್ನು ಗೂಟದಂತೆ ಎತ್ತಿ ಹಿಡಿದಿತ್ತು.

"ಗೌರಿ, ಇದು ಯಾವಾಗಿಂದ?"

"ಕೋಟಿನೊಳಗ ಇದ್ದೆನಲ್ರಿ. ನಿಮಗ ಹ್ಯಾಂಗ ಕಾಣಬೇಕು?"

ಮೌನೇಶರು ಇದ್ದಿಲು ಕೆಳಗಿಟ್ಟರು. "ಏಳು, ದವಾಖಾನಿಗೆ ಹೋಗೂಣು."

"ಹೋಗೂಣಂತ. ಆ ಹೆಣ್ಮಗಳು ಶುಕ್ರವಾರ ಬರ್ತಾಳ. ಇಷ್ಟು ದಿನದ ಮ್ಯಾಲೆ ಒಬ್ಬಾಕಿ ಬಂದಾಳ, ಅಕಿನೂ ಬರಿಗೈಲೆ ಕಳಸ್ತೀರೇನು? ಬರೀರಿ."

ಅವರು ಬರೆದರು. ಅಳುತ್ತ ಬರೆದರು. ಗೌರಕ್ಕ "ಬಣ್ಣದಾಗ ನೀರು ಬೀಳತಾವ, ಒರಸ್ಕೊಳ್ರಿ" ಎಂದು ಗದರಿಸಿದಳು. ಗುರುವಾರ ಚಿತ್ರ ಮುಗಿಯಿತು. ಹುಲಿಗೆವ್ವ ಬಂದಾಗ ಕೊಡಲೆಂದು ಅದನ್ನು ಕೆಳಗಿನ ಕಾಳಿನ ಅಂಗಡಿಯಲ್ಲಿಟ್ಟರು. ಅದೇ ಸಂಜೆ ಅವಳು ಗಂಡನ ತೋಳು ಹಿಡಿದು ಮೆಟ್ಟಿಲಿಳಿದಳು, ನಡುವೆ ಮೂರು ಸಲ ನಿಂತು. ಹನ್ನೊಂದನೆಯ ದಿನ ಮೌನೇಶರು ಒಬ್ಬರೇ ಮೇಲೆ ಬಂದರು. ನನ್ನ ಮೇಲೆ ಕೂರಲಿಲ್ಲ. ನನ್ನ ಪಕ್ಕದಲ್ಲಿ ನೆಲಕ್ಕೆ ಕುಳಿತು, ನನ್ನ ತೋಳಿಗೆ ಹಣೆ ಹಚ್ಚಿದರು.

ಮುಂದಿನ ಸುಗ್ಗಿಗೆ ಪೇಟೆ ಎದ್ದಿತು. ಮೌನೇಶರು ಹೇಳುತ್ತಿದ್ದ ಹಾಗೆಯೇ ಎಲ್ಲರೂ ಒಮ್ಮೆಲೇ ಬಂದರು. ಒಂದೇ ವಾರದಲ್ಲಿ ನಾಲ್ವರು. ಎಲ್ಲರಿಗೂ ಅವರು ಆಗುವುದಿಲ್ಲ ಎಂದರು. ಶಿವಪುತ್ರಪ್ಪ ಸಾಹುಕಾರರ ಮಗನಂತೂ ಗೋಡೆಯತ್ತ ಕೈ ತೋರಿಸಿ ಬೆರಗಾದ.

"ಇಷ್ಟು ಮೈ ತಯಾರ ಅದಾವಲ್ರಿ! ಒಂದಕ್ಕ ನಮ್ಮ ಕಾಕಾನ ಮುಖ ಹಚ್ಚಿಬಿಡ್ರಿ. ಖಾಲಿನ ಅದಾವಲ್ಲ?"

"ಖಾಲಿ ಇಲ್ರಿ" ಎಂದರು ಮೌನೇಶರು. "ಅಲ್ಲಿ ಒಬ್ಬರು ಕುಂತಾರ."

ಮಾಳಿಗೆ ಬಿಡುವಾಗ ಆ ಇಪ್ಪತ್ತಾರನ್ನೂ ಅವಳ ಸೀರೆಗಳಲ್ಲಿ ಸುತ್ತಿ ಗಾಡಿಯಲ್ಲಿ ಒಯ್ದರು. ಈಗ ಹಳ್ಳಿಯ ಸಾಲೆಗಳ ಗೋಡೆಗೆ ಅಕ್ಷರ ಬರೆಯುತ್ತಾರೆ ಎಂದು ಕೇಳಿದ್ದೇನೆ. ನನ್ನನ್ನು ಬೆಟಗೇರಿಯ ಕ್ಷೌರಿಕನೊಬ್ಬ ಒಯ್ದ. ಹದಿನಾಲ್ಕು ವರ್ಷ ದುಡಿದೆ. ತೋಳು ಮುರಿದ ಮೇಲೆ ಹಿತ್ತಿಲಿಗೆ ಬಂದೆ. ಇಲ್ಲಿ ನನ್ನ ಮೇಲೆ ಯಾರೂ ಕೂರುವುದಿಲ್ಲ, ಒದ್ದೆ ಟವೆಲ್ಲುಗಳನ್ನು ಒಣಗಹಾಕುತ್ತಾರೆ.

ಪೇಟೆ ಬೀಳುತ್ತದೆ, ಏಳುತ್ತದೆ. ಬಿದ್ದಾಗ ತನ್ನ ಕೆಳಗೆ ಯಾರಿದ್ದರು ಎಂದು ಎದ್ದ ಮೇಲೆ ತಿರುಗಿ ನೋಡುವುದಿಲ್ಲ. ಅದನ್ನು ದೂರುವುದಕ್ಕೆ ನನಗೂ ಬಾಯಿಲ್ಲ. ಗೌರಕ್ಕ ಕರಗುತ್ತಿದ್ದಾಳೆಂದು ಈ ಲೋಕದಲ್ಲಿ ಎಲ್ಲರಿಗಿಂತ ಮೊದಲು ತಿಳಿದದ್ದು ನನಗೆ. ಇವತ್ತು ನಿಮಗೆ ಹೇಳಿದೆ. ಯಾರಿಗೆ ಹೇಳಬೇಕಾಗಿತ್ತೋ ಅವರು ಆಗ ಮೂರೇ ಮಾರು ದೂರದಲ್ಲಿ ನಿಂತು ಕೋಟಿನ ಗುಂಡಿಗೆ ಹೊಳಪು ಕೊಡುತ್ತಿದ್ದರು.