ಟೊಕಿಕೊಳ ಬೈಗುಳ

ನಮ್ಮೂರಲ್ಲಿ ರಸ್ತೆಯ ಹಿಮ ತಳ್ಳುವವನು ಓತಾಕಿ. ಬೆಳಗಿನ ಜಾವ ಯಂತ್ರ ಗುಡುಗಿಸಿಕೊಂಡು ಬರುತ್ತಾನೆ. ರಸ್ತೆಯೇನೋ ಸಾಫಾಗುತ್ತದೆ, ಆದರೆ ಬದಿಗೆ ಸರಿದ ಹಿಮವೆಲ್ಲ ಮನೆಮನೆಯ ಬಾಗಿಲಿಗೆ ಅಡ್ಡಲಾಗಿ ಸೊಂಟದೆತ್ತರದ ಬದುವಾಗಿ ನಿಲ್ಲುತ್ತದೆ. ನಮ್ಮ ಜಪಾನಿನ ನಿಗಾಟಾ ಬೆಟ್ಟದವರಿಗೆ ಇದು ವರ್ಷವರ್ಷದ ರಗಳೆ. ಎಲ್ಲರೂ ಗೊಣಗಿಕೊಂಡು ಸಲಿಕೆ ಹಿಡಿಯುತ್ತಾರೆ. ನನ್ನ ಹೆಂಡತಿ ಟೊಕಿಕೊ ಮಾತ್ರ ಬಾಯಿ ಮುಚ್ಚಿಕೊಂಡು ಇರುವವಳಲ್ಲ.

"ಏ ಓತಾಕಿ, ಈ ಗುಡ್ಡೇನ ನಿಮ್ಮಪ್ಪ ಬಂದು ಎತ್ತಾಕ್ತಾನೇನೋ?"

ಅವನು ಯಂತ್ರ ನಿಲ್ಲಿಸಿ, ಟೋಪಿ ತೆಗೆದು, "ತಪ್ಪಾಯ್ತಕ್ಕಾ" ಎಂದು ಹಿಂದೆ ಬಂದು ಬದು ಒಡೆದು ಹೋಗುತ್ತಿದ್ದ. ನಾನು ಒಳಗೆ ಹೊದ್ದುಕೊಂಡೇ ನಗುತ್ತಿದ್ದೆ. ಮನೆಯ ಮಾತೆಲ್ಲ ಅವಳ ಪಾಲಿನದು, ನನ್ನದು ನೆಲಕ್ಕೆ ಹಾಸುವ ದಪ್ಪ ಹುಲ್ಲುಚಾಪೆ ಹೊಲಿಯುವ ಕೆಲಸ.

ಎಲೆ ಕೆಂಪಾಗುವ ಹೊತ್ತಿಗೆ ಟೊಕಿಕೊ ತೀರಿಕೊಂಡಳು. ಆಗ ಓತಾಕಿ ಕರಾವಳಿಯಲ್ಲಿ ಮೀನಿನ ಕೆಲಸದಲ್ಲಿದ್ದ. ಅವನು ಊರಿಗೆ ಮರಳಿದ್ದು ಹಿಮದ ಜೊತೆಗೇ.

ಮೊದಲ ದಿನ ಯಂತ್ರ ನಮ್ಮ ಬಾಗಿಲಲ್ಲಿ ನಿಂತು ಕಾಯಿತು. ಹೊರಗೆ ಹೋದೆ.

"ಅಕ್ಕ ಎಲ್ಲಣ್ಣ? ಬೈಸ್ಕೊಳ್ದೆ ಹೋದ್ರೆ ದಿನ ನೆಟ್ಟಗಿರಲ್ಲ ನಂಗೆ."

"ತಂಗಿ ಮನೇಗೆ ಹೋಗಿದಾಳೆ" ಅಂದುಬಿಟ್ಟೆ.

"ಬಂದ್ಮೇಲೆ ನನ್ ಮೇಲೆ ಚಾಡಿ ಹೇಳ್ಬೇಡಿ ಮತ್ತೆ" ಎಂದು ಬದು ಒಡೆದು ಹೋದ.

ಊರಿಗೆಲ್ಲ ಅವಳು ಸತ್ತವಳು. ಇವನೊಬ್ಬನ ಪಾಲಿಗೆ ಮಾತ್ರ ತಂಗಿ ಮನೆಯಲ್ಲಿದ್ದಳು. ನನಗೆ ಅಷ್ಟೇ ಸಾಕಿತ್ತು. ಹಿಮ ಬಿದ್ದಾಗಲೆಲ್ಲ ಅವನು ಕೇಳುವುದು, ನಾನು ಸುಳ್ಳು ಹೇಳುವುದು. ಆಮೇಲೆ ಒಬ್ಬನೇ ಕೂತು ಮಿಸೊ ಸಾರು ಕುಡಿಯುವಾಗ, ಇವತ್ತೋ ನಾಳೆಯೋ ಬಂದಾಳು ಎಂದು ನನಗೂ ಅನಿಸುತ್ತಿತ್ತು. ಹುಚ್ಚು, ಗೊತ್ತು.

ಒಂದು ಬೆಳಿಗ್ಗೆ ಯಂತ್ರ ನಿಲ್ಲಲಿಲ್ಲ. ಬಾಗಿಲಿಗೆ ಬದು ಹಾಕಿ ಮೆಲ್ಲಗೆ ಮುಂದೆ ಸರಿಯಿತು. ಓತಾಕಿ ಈ ಕಡೆ ತಿರುಗಿಯೂ ನೋಡಲಿಲ್ಲ. ಯಾರೋ ಹೇಳಿಬಿಟ್ಟಿದ್ದಾರೆ, ಅವನಿಗೆ ನನ್ನ ಮುಖ ನೋಡಲು ಆಗುತ್ತಿಲ್ಲ. ಇನ್ನು ಅವಳು ಎಲ್ಲರಿಗೂ ಸತ್ತ ಹಾಗೆಯೇ.

ಮನೆಯೊಳಗಿನ ಚಪ್ಪಲಿಯಲ್ಲೇ ಓಡಿ ಬದು ಹತ್ತಿದೆ. ಜನ್ಮದಲ್ಲಿ ದನಿಯೆತ್ತದ ನಾನು ಕೂಗಿದೆ.

"ಏ ಓತಾಕಿ, ಈ ಗುಡ್ಡೇನ ನಿಮ್ಮಪ್ಪ ಬಂದು ಎತ್ತಾಕ್ತಾನೇನೋ?"

ಯಂತ್ರ ನಿಂತಿತು. ಓತಾಕಿ ಇಳಿದು ಬಂದ, ಟೋಪಿ ತೆಗೆದ. ನನ್ನ ಹಿಂದಿದ್ದ ಖಾಲಿ ಬಾಗಿಲನ್ನು ನೋಡಿ ತಲೆ ಬಾಗಿಸಿದ.

"ತಪ್ಪಾಯ್ತಕ್ಕಾ" ಅಂದ.